ನೀಲಿ ಟೇಪಿನ ಎತ್ತರ

ನವೆಂಬರ್ ತಿಂಗಳ ಮೊದಲ ಭಾನುವಾರದಿಂದ ನಮ್ಮ ಸೈಕಲ್ ಸಂಘದಲ್ಲಿ ಮಡ್‌ಗಾರ್ಡ್ ಕಡ್ಡಾಯ. ಈ ನಿಯಮ ಮಾಡಿದ್ದು ನಾನಲ್ಲ, ನಮ್ಮಪ್ಪನ ಕಾಲದವರು. ಆದರೆ ಹತ್ತೊಂಬತ್ತು ವರ್ಷದಿಂದ ಕಾರ್ಯದರ್ಶಿ ನಾನೇ ಆದ್ದರಿಂದ ಬೈಸಿಕೊಳ್ಳುವವನೂ ನಾನೇ. ಮಡ್‌ಗಾರ್ಡ್ ಇಲ್ಲದೆ ಬಂದವರು ಗುಂಪಿನ ಕೊನೆಯಲ್ಲಿ ಹೋಗಬೇಕು. ಹಿಂದಿನ ಚಕ್ರ ಎರಚುವ ಕೊಚ್ಚೆ ಇನ್ನೊಬ್ಬರ ಬಾಯಿಗೆ ಬೀಳಬಾರದು, ಅಷ್ಟೇ ವಿಷಯ. ಒಳ್ಳೆಯ ಸೈಕಲ್ಲಿಗೆ ಎಣ್ಣೆ ಹಚ್ಚಿ, ಹಳೇ ಬೆಡ್‌ಶೀಟ್ ಹೊದಿಸಿ ಮಾರ್ಚ್ ಮುಗಿಯುವ ತನಕ ಒಳಗಿಡುವುದು, ಚಳಿಗಾಲಕ್ಕೆಂದೇ ಇಟ್ಟುಕೊಂಡ ಉಕ್ಕಿನ ಸೈಕಲ್ಲನ್ನು ಹೊರಗೆ ತೆಗೆಯುವುದು ನಮ್ಮ ಕಡೆಯ ಪದ್ಧತಿ. ಮಂಜುಗಡ್ಡೆ ಕಟ್ಟದಿರಲೆಂದು ಉಪ್ಪು ಸುರಿಯುವ ಲಾರಿ ರಸ್ತೆಗಿಳಿದ ಮೇಲೆ ಬುದ್ಧಿಯಿದ್ದವರು ಯಾರೂ ಕಾರ್ಬನ್ ನಾರಿನ ದುಬಾರಿ ಸೈಕಲ್ಲನ್ನು ಹೊರಗೆ ತರುವುದಿಲ್ಲ.

ಆ ವರ್ಷ ನವೆಂಬರ್ ಮೊದಲ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮೂರ ಕಾಲ್ಡರ್ ಹೊಳೆಯ ಸೇತುವೆಯ ಹತ್ತಿರ ಹನ್ನೊಂದು ಜನ ಸೇರಿದ್ದೆವು. ಬ್ರೆಂಡಾ ಥ್ಯಾಕ್ರೆ ತನ್ನ ಗಂಡ ನೆವಿಲ್‌ನ ಕಪ್ಪು ಕಾರ್ಬನ್ ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರದ್ದು. ಮಡ್‌ಗಾರ್ಡ್ ಸಿಕ್ಕಿಸಲು ಒಂದು ತೂತು ಕೂಡ ಇಲ್ಲದ್ದು.

"ಏನಮ್ಮ ಇದು?" ಎಂದೆ.

"ಸೈಕಲ್ಲು. ನೀನು ಯಾವತ್ತೂ ನೋಡಿಲ್ವಾ ಡಗ್ಲಸ್?"

"ಇದನ್ನ ಉಪ್ಪಲ್ಲಿ ತುಳಿಯೋದಾ? ನೆವಿಲ್‌ಗೆ ಗೊತ್ತಾ?"

"ಸುಮ್ನೆ ನಿಲ್ಲಿಸಿಟ್ರೆ ಜಡ್ಡುಗಟ್ಟುತ್ತೆ. ಅವನು ಎದ್ದು ಓಡಾಡೋ ತನಕ ಇದೂ ಓಡಾಡ್ತಿರಲಿ. ಮಡ್‌ಗಾರ್ಡ್ ಇಲ್ಲ, ಗೊತ್ತು, ನಿನ್ನ ಪುರಾಣ ತೆಗೀಬೇಡ. ಕೊನೇಲಿ ಬರ್ತೀನಿ. ಮೂವತ್ತೊಂದು ವರ್ಷ ಹಿಂದೇನೇ ಕೂತವಳು, ನನಗೇನು ಹೊಸದಾ?"

ಅದು ನಿಜ. ಬ್ರೆಂಡಾ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದವಳು. ನೆವಿಲ್ ಕಾರ್ಪೆಟ್ ಗಿರಣಿಯಲ್ಲಿ ಯಂತ್ರ ರಿಪೇರಿಯವನು. ಮದುವೆಯಾದ ಹೊಸದರಲ್ಲಿ ಇಬ್ಬರೂ ಸೇರಿ ಒಂದು ಹಸಿರು ಜೋಡಿ ಸೈಕಲ್ ಕೊಂಡಿದ್ದರು. ಎರಡು ಸೀಟು, ಎರಡು ಜೊತೆ ಪೆಡಲು, ಆದರೆ ದಾರಿ ತಿರುಗಿಸುವುದು ಬ್ರೇಕ್ ಹಿಡಿಯುವುದು ಎಲ್ಲ ಮುಂದೆ ಕೂತವರ ಕೈಯಲ್ಲಿ. ಮುಂದೆ ನೆವಿಲ್, ಹಿಂದೆ ಬ್ರೆಂಡಾ. ಜೋಡಿ ಸೈಕಲ್ಲಿಗೆ ಒಂದು ಶಿಸ್ತಿದೆ. ಮುಂದಿನವರು ಎರಡು ಕಾಲನ್ನೂ ನೆಲಕ್ಕೂರಿ, ಬ್ರೇಕ್ ಹಿಡಿದು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿಕೊಂಡಿರಬೇಕು. ಹಿಂದಿನವರು ಮೊದಲು ಹತ್ತಿ, ಎರಡೂ ಪಾದಗಳನ್ನು ಪೆಡಲಿಗೆ ಪಟ್ಟಿಯಿಂದ ಬಿಗಿದುಕೊಂಡು ಕೂರಬೇಕು. ಆಮೇಲೆ ಮುಂದಿನವರು "ಆಯ್ತಾ?" ಎಂದು ಕೇಳುತ್ತಾರೆ. ಹಿಂದಿನಿಂದ "ಆಯ್ತು" ಎಂಬ ಮಾತು ಬರುವ ತನಕ ಚಕ್ರ ಉರುಳುವಂತಿಲ್ಲ. ಮೂವತ್ತೊಂದು ವರ್ಷ ಭಾನುವಾರ ಬೆಳಿಗ್ಗೆ ಆ ಸೇತುವೆಯ ಬಳಿ ನಾವು ಕೇಳಿದ ಮೊದಲ ಮಾತುಗಳು ಇವೇ.

"ದೇಶ ಎಲ್ಲ ಸುತ್ತಿದ್ದೀಯಲ್ಲ, ಪುಣ್ಯವಂತೆ," ಎಂದು ಯಾರಾದರೂ ಅಂದರೆ ಬ್ರೆಂಡಾ, "ನಾನು ನೋಡಿರೋದು ನೆವಿಲ್ ಬೆನ್ನು. ಅವನ ಜಾಕೀಟಲ್ಲಿ ಎಷ್ಟು ಹೊಲಿಗೆ ಇದೆ ಕೇಳಿ, ಹೇಳ್ತೀನಿ," ಅನ್ನುತ್ತಿದ್ದಳು.

ಗಿರಣಿಯಿಂದ ನಿವೃತ್ತಿಯಾದ ವರ್ಷ ನೆವಿಲ್ ಇದ್ದಕ್ಕಿದ್ದಂತೆ ಹೋಗಿ ಈ ಕಾರ್ಬನ್ ಸೈಕಲ್ ತಂದ. ಒಬ್ಬನೇ ಗುಡ್ಡ ಹತ್ತಿದರೆ ಎಷ್ಟು ಬೇಗ ಹತ್ತುತ್ತೇನೆ ನೋಡಬೇಕು ಅಂದ. ಜೋಡಿ ಸೈಕಲ್ ಶೆಡ್ಡು ಸೇರಿತು. ಬ್ರೆಂಡಾ ಆ ಬೇಸಿಗೆಯ ಭಾನುವಾರಗಳನ್ನು ಟೊಮೆಟೊ ಗಿಡಗಳ ಜೊತೆ ಕಳೆದಳು. ಬೇಜಾರಾಯಿತೇ ಎಂದು ನಾವು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಆಗಿತ್ತು ಅಂತ ಕುರುಡರಿಗೂ ಕಾಣುತ್ತಿತ್ತು.

ನೆವಿಲ್ ಹಳೇ ಕಾಲದ ಮೆಕ್ಯಾನಿಕ್. ಕಾರ್ಬನ್ ಅಂದರೆ ಅಂಟು ಹಾಕಿದ ಬಟ್ಟೆ ತಾನೇ ಎಂಬ ಅನುಮಾನ ಅವನಿಗೆ ಯಾವತ್ತೂ ಹೋಗಲಿಲ್ಲ. "ಕೂರೋ ಜಾಗದಲ್ಲಾದ್ರೂ ಲೋಹ ಇರಲಿ," ಅಂತ ಸೈಕಲ್ಲಿನ ಜೊತೆ ಬಂದಿದ್ದ ಕಾರ್ಬನ್ ಸೀಟ್ ಪೈಪನ್ನು ತೆಗೆದು ಅಲ್ಯೂಮಿನಿಯಂ ಪೈಪು ಹಾಕಿದ. ತನ್ನ ಎತ್ತರ ಸರಿಹೊಂದಿಸಿ, ಪೈಪು ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ ಗುರುತಿಗೆ ನೀಲಿ ಟೇಪು ಸುತ್ತಿದ. ಆ ಎತ್ತರದಲ್ಲಿ ಒಂದೇ ಒಂದು ಬೇಸಿಗೆ ತುಳಿದ. ಸೆಪ್ಟೆಂಬರ್ ಕೊನೆಯ ವಾರ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದಾಗ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಾಯಿತು. ಆಸ್ಪತ್ರೆಯಲ್ಲಿ ಐದು ವಾರ ಇದ್ದು ಮನೆಗೆ ಬಂದು ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿ ಸೇರಿದ.

ಬ್ರೆಂಡಾ ನೆವಿಲ್‌ಗಿಂತ ಗಿಡ್ಡ. ಆಕೆಗೆ ಬೇಕಾದದ್ದಕ್ಕಿಂತ ಆ ಸೀಟು ಒಂದೂಕಾಲು ಅಂಗುಲ ಮೇಲಿತ್ತು. ಸೈಕಲ್ ತುಳಿಯದವರಿಗೆ ಒಂದೂಕಾಲು ಅಂಗುಲ ಅಂದರೆ ಏನೂ ಅಲ್ಲ. ತುಳಿಯುವವರಿಗೆ ಅದು ಮಂಡಿಯ ಸಾವು. ಪೆಡಲು ಕೆಳಗೆ ಹೋದಾಗಲೆಲ್ಲ ಆಕೆ ಸೊಂಟವನ್ನು ಒಂದು ಪಕ್ಕಕ್ಕೆ ಜಾರಿಸಿ, ಹೆಬ್ಬೆರಳ ತುದಿ ಚಾಚಿ ತುಳಿಯಬೇಕಿತ್ತು. ಬೂಟಿನೊಳಗೆ ಎರಡು ಪದರ ಉಣ್ಣೆಯ ಅಟ್ಟೆ ಹಾಕಿಕೊಂಡಳು. ಮೊದಲ ಭಾನುವಾರವೇ, ಗುಡ್ಡದ ಮೇಲೆ ಜಾಯ್ಸ್‌ಳ ಚಹಾದಂಗಡಿಯಲ್ಲಿ ಎಲ್ಲರೂ ಟೋಸ್ಟ್ ಮೇಲೆ ಬೀನ್ಸ್ ಹಾಕಿಸಿಕೊಂಡು ತಿನ್ನುತ್ತಿದ್ದಾಗ, ಬಾಯಿ ತಡೆಯದ ಟ್ರೆವರ್ ಹೇಳಿಯೇಬಿಟ್ಟ.

"ಬ್ರೆಂಡಾ, ಆ ಸೀಟು ಒಂಚೂರು ಇಳಿಸ್ಕೊಳೇ ಮಾರಾಯ್ತಿ. ಹಿಂದಿಂದ ನೋಡಿದ್ರೆ ಬಾತುಕೋಳಿ ನಡೆದಂಗೆ ಇದೆ."

"ನನ್ನ ಹಿಂದೆ ಯಾರೂ ಇರಲ್ಲ. ನೀನು ಹೇಗೆ ನೋಡ್ದೆ? ಗಾಳಿ ತಡೆಯೋಕೆ ನನ್ನ ಬೆನ್ನ ಹಿಂದೆ ಅಡಗಿಕೊಂಡಿದ್ಯಾ?"

ಎಲ್ಲರೂ ನಕ್ಕರು. ಸೀಟು ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಅಂತ ಟ್ರೆವರ್‌ನಂಥವನಿಗೂ ಸ್ವಲ್ಪ ದಿನದಲ್ಲೇ ಗೊತ್ತಾಯಿತು. ಆ ನೀಲಿ ಟೇಪು ನೆವಿಲ್‌ನ ಜಾಗ. ಅದನ್ನು ತನ್ನ ಅಳತೆಗೆ ಇಳಿಸಿಕೊಂಡರೆ, ಅವನು ಇನ್ನು ಹತ್ತುವುದಿಲ್ಲ ಎಂದು ಒಪ್ಪಿಕೊಂಡಂತೆ. ಬ್ರೆಂಡಾ ಅದನ್ನು ಒಪ್ಪಲು ತಯಾರಿರಲಿಲ್ಲ. ಸೈಕಲ್ ಅವನಿಗಾಗಿ ಸಿದ್ಧವಾಗಿರಬೇಕು, ಬಂದು ಕೂತರೆ ಸಾಕು ಎನ್ನುವ ಹಾಗೆ. ಆಕೆಯ ಚಳಿಗಾಲ ಪೂರ್ತಿ ನಿಂತದ್ದು ಈ ಒಂದು ಹಟದ ಮೇಲೆ.

ಸ್ಪ್ಯಾನರ್ ಹಿಡಿಯುವುದನ್ನೂ ಆಕೆ ಆ ಚಳಿಗಾಲದಲ್ಲೇ ಕಲಿತಳು. ಭಾನುವಾರ ಮಧ್ಯಾಹ್ನ ಮನೆಗೆ ಬಂದವಳೇ ಅಡುಗೆಮನೆಯ ನೆಲಕ್ಕೆ ಪೇಪರು ಹಾಸಿ, ನೆವಿಲ್‌ನ ಕುರ್ಚಿಯೆದುರು ಸೈಕಲ್ ನಿಲ್ಲಿಸುತ್ತಿದ್ದಳು. ಬಕೆಟಿನಲ್ಲಿ ಉಗುರು ಬೆಚ್ಚಗಿನ ನೀರು. ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಬೇರಿಂಗಿನ ಗ್ರೀಸು ತೊಳೆದುಹೋಗುತ್ತದೆ, ಅದಕ್ಕೆ ಸ್ಪಂಜು. ಚೈನಿನ ಸಂದುಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ಷು. ಬ್ರೇಕ್ ರಬ್ಬರಿನೊಳಗೆ ಸಿಕ್ಕಿಕೊಂಡ ಮರಳಿನ ಕಾಳು ರಿಮ್ಮನ್ನು ಕೊರೆಯುತ್ತದೆಂದು ಅದನ್ನು ಸೂಜಿಯಿಂದ ಒಂದೊಂದಾಗಿ ಕೀಳಬೇಕು. ಟಯರು ಸುತ್ತ ತಿರುಗಿಸಿ ಚೂಪುಕಲ್ಲು ಹುಡುಕಬೇಕು. ಹಾಲಿನ ಪ್ಲಾಸ್ಟಿಕ್ ಡಬ್ಬ ಕತ್ತರಿಸಿ ಸೀಟಿನ ಕೆಳಗೆ ಒಂದು ತಟ್ಟೆಯನ್ನೂ ಕಟ್ಟಿಕೊಂಡಿದ್ದಳು. ಅದು ಮಡ್‌ಗಾರ್ಡ್ ಅಲ್ಲ ಅಂತ ನಾನು ಅಂದೆ, ಆಕೆ ಸೊಪ್ಪು ಹಾಕಲಿಲ್ಲ.

ನೆವಿಲ್ ಎಡಗೈ ಬೆರಳು ತೋರಿಸಿ ಒಂದೊಂದೇ ಮಾತಿನಲ್ಲಿ ಹೇಳಿಕೊಡುತ್ತಿದ್ದ.

"ಎಣ್ಣೆ."

"ಹಾಕ್ದೆ."

"ಒ... ಒರೆಸು."

"ಹಾಕು ಅಂತೀಯ, ಹಾಕಿದ ಮೇಲೆ ಒರೆಸು ಅಂತೀಯ. ಒಂದು ಮಾತು ಹೇಳಪ್ಪ."

ಅವನಿಗೆ ಅರ್ಧ ಬಾಯಿಯ ನಗು ಬರುತ್ತಿತ್ತು. ಆ ನಗುವಿಗಾಗಿಯೇ ಆಕೆ ಬೇಕಂತಲೇ ಪೆದ್ದುಪೆದ್ದಾಗಿ ಕೇಳುತ್ತಾಳೆ ಅಂತ ನನಗೆ ಅನುಮಾನ.

ಈಗ ನನ್ನ ತಪ್ಪಿನ ವಿಷಯ. ಅಲ್ಯೂಮಿನಿಯಂ ಪೈಪು, ಕಾರ್ಬನ್ ಫ್ರೇಮು, ನಡುವೆ ಉಪ್ಪುನೀರು. ಈ ಮೂರೂ ಸೇರಿದರೆ ತಿಂಗಳೊಪ್ಪತ್ತಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ, ಆಮೇಲೆ ದೇವರು ಬಂದರೂ ಬಿಡಿಸಲಾರ. ಅದಕ್ಕೇ ತಿಂಗಳಿಗೊಮ್ಮೆ ಸೀಟ್ ಪೈಪನ್ನು ಹೊರಗೆಳೆದು, ಒರೆಸಿ, ಲೇಪ ಹಚ್ಚಿ ಮತ್ತೆ ಇಳಿಸಬೇಕು. ಪ್ರತಿ ವರ್ಷ ಅಕ್ಟೋಬರ್ ಸಭೆಯಲ್ಲಿ ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಎಲ್ಲರೂ ಆಕಳಿಸುತ್ತಾರೆ. ಬ್ರೆಂಡಾ ಆ ಸಭೆಗೆ ಬಂದಿರಲಿಲ್ಲ, ನೆವಿಲ್ ಆಗ ಆಸ್ಪತ್ರೆಯಲ್ಲಿದ್ದ. ಡಿಸೆಂಬರಿನಲ್ಲಿ ಚಹಾದಂಗಡಿಯ ಹೊರಗೆ ಆಕೆಯನ್ನು ಪಕ್ಕಕ್ಕೆ ಕರೆದೆ.

"ಆ ಸೀಟ್ ಪೈಪು ಒಂದ್ಸಲ ಹೊರಗೆ ತೆಗೀಬೇಕು ಬ್ರೆಂಡಾ."

"ಅದು ಅವನ ಗುರುತಲ್ಲಿದೆ."

"ತೆಗೆದು ಅದೇ ಗುರುತಿಗೆ ಇಟ್ರಾಯ್ತು."

"ಅದನ್ನ ಅವನು ತನ್ನ ಎರಡೂ ಕೈಲಿ ಬಿಗಿದದ್ದು ಡಗ್ಲಸ್," ಎಂದಳು. "ಎರಡೂ ಕೈಲಿ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮಡ್‌ಗಾರ್ಡ್ ವಿಷಯಕ್ಕೆ ಅರವತ್ತು ಜನರ ತಲೆ ತಿನ್ನುವ ಮನುಷ್ಯ ನಾನು. ಹೇಳಲೇಬೇಕಾದ ಆ ಒಂದು ಕಡೆ ಮೆತ್ತಗಾಗಿಬಿಟ್ಟೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಜನವರಿ ಕೆಟ್ಟದಾಗಿತ್ತು. ಎರಡು ಭಾನುವಾರ ರಸ್ತೆ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಕಟ್ಟಿ ಸವಾರಿಯನ್ನೇ ನಿಲ್ಲಿಸಿದೆವು. ಉಳಿದ ಭಾನುವಾರಗಳಲ್ಲಿ ರಸ್ತೆಯೇ ಬೆಳ್ಳಗೆ ಕಾಣುವಷ್ಟು ಉಪ್ಪು ಸುರಿದಿದ್ದರು. ಬ್ರೆಂಡಾ ಒಂದು ವಾರವೂ ತಪ್ಪಿಸಲಿಲ್ಲ. ಮಂಡಿಗೆ ಪಟ್ಟಿ ಸುತ್ತಿಕೊಂಡು, ಮಾತ್ರೆ ನುಂಗಿಕೊಂಡು, ಎಲ್ಲರಿಗಿಂತ ಹತ್ತು ಗಜ ಹಿಂದೆ ಬರುತ್ತಿದ್ದಳು. ಆದರೆ ಫೆಬ್ರವರಿಯ ಹೊತ್ತಿಗೆ ನನ್ನ ಕಣ್ಣಿಗೆ ಒಂದು ಬದಲಾವಣೆ ಬಿತ್ತು. ಸೊಂಟ ಜಾರಿಸುವುದು ನಿಂತಿತ್ತು. ಆ ಎತ್ತರವನ್ನು ಆಕೆಯ ಮೈ ಒಪ್ಪಿಕೊಂಡಿತ್ತು. ಮೂವತ್ತೊಂದು ವರ್ಷ ದಾರಿಯನ್ನೇ ನೋಡದ ಹೆಂಗಸು ಈಗ ಗುಂಡಿ ತಪ್ಪಿಸುತ್ತಾ, ತಿರುವಿನಲ್ಲಿ ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆಂದು ನಮಗೇ ಹೇಳುತ್ತಿದ್ದಳು.

ಅತ್ತ ನೆವಿಲ್ ಕೋಲು ಹಿಡಿದು ಶೆಡ್ಡಿನ ತನಕ ನಡೆಯುವಂತಾದ. ಮಾರ್ಚ್ ಎರಡನೇ ವಾರ ಬ್ರೆಂಡಾ ನನ್ನ ಮನೆ ಬಾಗಿಲು ಬಡಿದಳು. ಮುಖ ಅರಳಿತ್ತು.

"ಫಿಸಿಯೋಥೆರಪಿಯಮ್ಮ ಹೂಂ ಅಂದ್ಳು ಡಗ್ಲಸ್. ಅಡುಗೆಮನೇಲಿ ಸ್ಟ್ಯಾಂಡಿಗೆ ಹಾಕಿ ದಿನಾ ಹತ್ತು ನಿಮಿಷ ತುಳೀಬಹುದಂತೆ. ಆಮೇಲೆ ಹೊಳೆ ಪಕ್ಕದ ಸಮತಟ್ಟು ದಾರಿ. ಆದ್ರೆ ಅವನ ಬಲಗಾಲು ಪೂರ್ತಿ ಚಾಚೋದಿಲ್ಲ. ಸೀಟು ಒಂದೂಕಾಲು ಅಂಗುಲ ಇಳಿಸ್ಬೇಕಂತೆ. ಬಾ, ಇಳಿಸಿಕೊಡು. ಅದನ್ನ ಮಾತ್ರ ಅವನು ನನಗೆ ಕಲಿಸಿಲ್ಲ."

ಉಪಕರಣದ ಡಬ್ಬಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನೂ ಹಾಕಿಕೊಂಡು ಹೊರಟೆ.

ಶೆಡ್ಡಿನಲ್ಲಿ ಬೋಲ್ಟು ಸಡಿಲಿಸಿದೆ. ಸೀಟು ಹಿಡಿದು ತಿರುಚಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ನೀಲಿ ಟೇಪು ಬಿಚ್ಚಿದಾಗ ಅದರ ಕೆಳಗೆ ಪೈಪಿನ ಸುತ್ತ ಬಿಳಿ ಪುಡಿ ಕಟ್ಟಿತ್ತು, ಹಳೇ ಬ್ಯಾಟರಿಯ ತುದಿಯಲ್ಲಿ ಕಟ್ಟುವಂಥದ್ದು. ತುಕ್ಕು ಬಿಡಿಸುವ ಎಣ್ಣೆ ಸುರಿದು ಮೂರು ದಿನ ಬಿಟ್ಟೆವು. ಕುದಿಯುವ ನೀರು ಹಾಕಿದೆವು, ಮಂಜುಗಡ್ಡೆ ಕಟ್ಟಿದೆವು. ಕೊನೆಗೆ ಶನಿವಾರ ಸೈಕಲ್ಲನ್ನು ತಲೆಕೆಳಗು ಮಾಡಿ, ಪೈಪಿನ ತಲೆಯನ್ನು ಮೇಜಿಗೆ ಬಿಗಿದ ನೆವಿಲ್‌ನ ಕಬ್ಬಿಣದ ವೈಸಿನ ದವಡೆಗೆ ಕಚ್ಚಿಸಿ, ಇಬ್ಬರೂ ಫ್ರೇಮನ್ನು ಹಿಡಿದು ತಿರುಗಿಸಿದೆವು. ಟಿಕ್ ಎಂದು ಒಂದು ಸಣ್ಣ ಸದ್ದು ಬಂತು. ಕಾರ್ಬನ್ ಬಗ್ಗುವುದಿಲ್ಲ, ಎಚ್ಚರಿಕೆ ಕೊಟ್ಟು ಸೀಳುತ್ತದೆ. ನಾನು ಕೈಬಿಟ್ಟೆ.

"ಯಾಕೆ ನಿಲ್ಲಿಸ್ದೆ?" ಎಂದಳು ಬ್ರೆಂಡಾ.

"ಇನ್ನೊಂದು ಸಲ ತಿರುಗಿಸಿದ್ರೆ ಫ್ರೇಮು ಹೋಗುತ್ತೆ. ಕಚ್ಚಿಕೊಂಡಿದೆ. ಚಳಿಗಾಲ ಪೂರ್ತಿ ತೆಗೀದೆ ಇದ್ದದ್ದಕ್ಕೆ."

ಆಕೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. ಕೈಯೆಲ್ಲ ಎಣ್ಣೆ. "ಅವನಿಗೆ ಅಂತ ಕಾದಿಟ್ಟೆ," ಎಂದಳು. "ಅವನಿಗೆ ಅಂತ ಕಾದಿಟ್ಟು ಅವನಿಗೇ ಬರದ ಹಾಗೆ ಮಾಡ್ಬಿಟ್ನಲ್ಲ." ಆಕೆ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ನೆವಿಲ್ ಯಾವಾಗಲೋ ಬಂದು ನಿಂತಿದ್ದ.

"ಗೊತ್ತಿತ್ತು," ಎಂದ. "ಜನವರೀಲೇ. ಬಿಳಿ ಪುಡಿ... ಟೇಪಿನ ಅಂಚಲ್ಲಿ... ಕಂಡಿತ್ತು."

ಬ್ರೆಂಡಾ ತಲೆಯೆತ್ತಿದಳು. "ಕಂಡಿತ್ತಾ? ಪ್ರತಿ ಭಾನುವಾರ ನಿನ್ನ ಮುಂದೇನೇ ತೊಳೆದೆ. ಎಣ್ಣೆ ಹಾಕು, ಒರೆಸು ಅಂತ ಪ್ರಾಣ ತಿಂದೆ. ಇದೊಂದು ಹೇಳೋಕೆ ನಿನಗೆ ಬಾಯಿ ಬರ್ಲಿಲ್ವಾ?"

ನೆವಿಲ್ ಮಾತು ಜೋಡಿಸಿಕೊಳ್ಳಲು ತುಂಬಾ ಹೊತ್ತು ತೆಗೆದುಕೊಂಡ.

"ತೆಗೆದ್ರೆ... ನಿನ್ನ ಎತ್ತರಕ್ಕೆ... ಇಳಿಸ್ಕೋತೀಯ ಅನ್ಕೊಂಡೆ. ಅಲ್ಲಿಗೆ ನಾನು... ಮುಗೀತು ಅಂತ."

"ಮಂಕೇ," ಎಂದಳು ಬ್ರೆಂಡಾ. "ನಾಲ್ಕು ತಿಂಗಳು ಮಂಡಿ ಸವೆಸಿದ್ದು ಮತ್ಯಾಕೆ ಅನ್ಕೊಂಡಿದ್ದೆ?"

ಮೂವರಿಗೂ ಗೊತ್ತಿತ್ತು ಅಥವಾ ಗೊತ್ತಾಗಬಹುದಿತ್ತು. ಮೂವರೂ ಆ ಟೇಪನ್ನು ಮುಟ್ಟಲಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಯಾರ ಮೇಲೆ ಮಾಡಿಕೊಳ್ಳುವುದೋ ಗೊತ್ತಾಗಲಿಲ್ಲ. ನಾನು ಡಬ್ಬ ಮುಚ್ಚಿ ಎದ್ದೆ.

"ಇರು," ಎಂದ ನೆವಿಲ್. ಕೋಲಿನಿಂದ ಶೆಡ್ಡಿನ ಮೂಲೆ ತೋರಿಸಿದ. ಅಲ್ಲಿ ಬೆಡ್‌ಶೀಟ್ ಹೊದ್ದು ಹಸಿರು ಜೋಡಿ ಸೈಕಲ್ ನಿಂತಿತ್ತು. "ಅಳತೆ... ಪಟ್ಟಿ."

ಬೆಡ್‌ಶೀಟ್ ತೆಗೆದು ಅಳೆದೆ. ಮೊದಲು ಹಿಂದಿನ ಸೀಟು, ಆಮೇಲೆ ಮುಂದಿನದು. ಹಿಂದಿನದು ಮೂವತ್ತೊಂದು ವರ್ಷದಿಂದ ಬ್ರೆಂಡಾಳ ಎತ್ತರದಲ್ಲಿತ್ತು, ಮುಂದಿನದು ನೆವಿಲ್‌ನ ಎತ್ತರದಲ್ಲಿ. ಎರಡಕ್ಕೂ ವ್ಯತ್ಯಾಸ ಒಂದೂಕಾಲು ಅಂಗುಲ, ನೆವಿಲ್‌ನ ಬಲಗಾಲಿಗೆ ಈಗ ಇಳಿಸಬೇಕಾದಷ್ಟೇ. ನಾನು ಅಳತೆಯನ್ನು ಜೋರಾಗಿ ಓದಿ ಹೇಳಿದೆ, ಓದುತ್ತಿರುವಾಗಲೇ ನನಗೆ ವಿಷಯ ಹೊಳೆಯಿತು.

ಬ್ರೆಂಡಾಗೆ ನನಗಿಂತ ಮೊದಲೇ ಹೊಳೆದಿತ್ತು. "ಮುಂದೆ ನಾನಾ?" ಎಂದಳು.

"ನನ್ನ ಎತ್ತರ... ನಿನಗೆ ಅಭ್ಯಾಸ ಆಗಿದೆಯಲ್ಲ," ಎಂದ ನೆವಿಲ್.

ಆಮೇಲೆ ಮೂರು ವಾರ ಅಡುಗೆಮನೆಯಲ್ಲಿ ನಡೆದದ್ದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ. ಜೋಡಿ ಸೈಕಲ್ಲನ್ನು ಗೋಡೆಗೆ ಒರಗಿಸಿ ಅವನಿಗೆ ಹತ್ತಿ ಇಳಿದು ಅಭ್ಯಾಸ ಮಾಡಿಸಿದರು. ಎರಡು ಸಲ ಬಿದ್ದ, ಒಂದು ಸಲ ಪಿಂಗಾಣಿ ತಟ್ಟೆಗಳನ್ನೂ ಬೀಳಿಸಿದ. ಹೊಳೆ ಪಕ್ಕದ ದಾರಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಒಂದು ಮೈಲಿ ಹೋಗಿ ಬಂದರು. ಕಾರ್ಬನ್ ಸೈಕಲ್ ಶೆಡ್ಡಿನ ಗೋಡೆಗೆ ಹೋಯಿತು. ಈಗಲೂ ಅಲ್ಲೇ ನೇತಾಡುತ್ತಿದೆ, ಸೀಟು ಅದೇ ಎತ್ತರದಲ್ಲಿದೆ.

ಏಪ್ರಿಲ್ ಮೊದಲ ಭಾನುವಾರ ಮಡ್‌ಗಾರ್ಡ್ ನಿಯಮ ಮುಗಿದು ಎಲ್ಲರೂ ಹೊಳೆಯುವ ಸೈಕಲ್ ತಂದಿದ್ದರು. ಒಂಬತ್ತಕ್ಕೆ ಎರಡು ನಿಮಿಷ ಇದ್ದಾಗ ಬ್ರೆಂಡಾ ಜೋಡಿ ಸೈಕಲ್ ತಳ್ಳಿಕೊಂಡು ಬಂದಳು. ನೆವಿಲ್ ಪಕ್ಕದಲ್ಲಿ ಕೋಲೂರಿ ನಡೆದು ಬಂದ. ಚಹಾದಂಗಡಿಯ ತನಕ ಅಲ್ಲ, ಬರೀ ಎರಡನೇ ಸೇತುವೆಯ ತನಕ ಎಂದು ಮೊದಲೇ ಮಾತಾಗಿತ್ತು. ಟ್ರೆವರ್ ಕೋಲನ್ನು ಇಸಿದುಕೊಂಡು ತನ್ನ ಬೆನ್ನಿಗೆ ಕಟ್ಟಿಕೊಂಡ. ಏನೂ ತಮಾಷೆ ಮಾಡಲಿಲ್ಲ.

ಬ್ರೆಂಡಾ ಮುಂದಿನ ಕಂಬಿಯ ಮೇಲೆ ಕಾಲು ಹಾಯಿಸಿ, ಎರಡೂ ಪಾದ ನೆಲಕ್ಕೂರಿ, ಬ್ರೇಕ್ ಹಿಡಿದು ನಿಂತಳು. ನೆವಿಲ್ ಹಿಂದೆ ಹತ್ತಿದ. ಎಡಗಾಲು ತಾನೇ ಹೋಯಿತು. ಬಲಗಾಲನ್ನು ಪ್ಯಾಂಟು ಹಿಡಿದು ಎತ್ತಿ ಪೆಡಲಿನ ಮೇಲಿಟ್ಟು ಎಡಗೈಯಿಂದ ಪಟ್ಟಿ ಬಿಗಿಯಲು ಶುರುಮಾಡಿದ. ಪಟ್ಟಿ ಜಾರಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಬ್ರೆಂಡಾ ಹಿಂದೆ ತಿರುಗದೆಯೇ "ಬೇಡ ಡಗ್ಲಸ್," ಎಂದಳು. ಹೇಗೆ ಗೊತ್ತಾಯಿತೋ.

"ಆಯ್ತಾ?" ಎಂದು ಕೇಳಿದಳು.

ಉತ್ತರ ಬರಲಿಲ್ಲ. ಚರ್ಚಿನ ಗಡಿಯಾರ ಒಂಬತ್ತು ಹೊಡೆದು ಮುಗಿಸಿತು. ಹೊತ್ತಿಗೆ ಸರಿಯಾಗಿ ಹೊರಡಬೇಕು ಅನ್ನುವುದು ಸಂಘದ ಮೊದಲ ನಿಯಮ, ಆ ನಿಯಮದ ಬಗ್ಗೆಯೂ ನಾನು ಸಾಕಷ್ಟು ಜನರ ತಲೆ ತಿಂದಿದ್ದೇನೆ. ಹದಿನಾಲ್ಕು ಜನ ಒಂದು ಕಾಲು ಪೆಡಲಿನ ಮೇಲಿಟ್ಟುಕೊಂಡು ನಿಂತಿದ್ದೆವು. ಬ್ರೆಂಡಾ ಮುಂದಿನ ದಾರಿಯನ್ನೇ ನೋಡುತ್ತಿದ್ದಳು. ಎರಡನೇ ಸಲ ಕೇಳಲಿಲ್ಲ, ಅವಸರ ಮಾಡಲಿಲ್ಲ. ಪಟ್ಟಿ ಇನ್ನೊಮ್ಮೆ ಜಾರಿತು. ಮತ್ತೆ ಸಿಕ್ಕಿಸಿದ, ಎಳೆದ, ಬಿಗಿದ.

"ಆಯ್ತು," ಎಂದ ನೆವಿಲ್. ಆ ಮಾತು ತೊದಲಲಿಲ್ಲ.

ಆಮೇಲೆ ಒಂದು ಕ್ಷಣ ಬಿಟ್ಟು, "ನಿನ್ನ ಬೆನ್ನು ಬಿಟ್ರೆ... ಏನೂ ಕಾಣಲ್ಲ ಕಣೇ," ಎಂದ.

"ಮೂವತ್ತೊಂದು ವರ್ಷ ಹೋಗ್ಲಿ. ಹೊಲಿಗೆ ಎಣಿಸೋದು ಬರುತ್ತೆ," ಎಂದಳು ಬ್ರೆಂಡಾ, ಪೆಡಲು ತುಳಿದಳು.

ಜೋಡಿ ಸೈಕಲ್ಲಿಗೆ ಎರಡೂ ಚಕ್ರಕ್ಕೆ ಪೂರ್ತಿ ಮಡ್‌ಗಾರ್ಡ್ ಇದೆ, ನೆವಿಲ್ ತನ್ನ ಕೈಯಾರೆ ಕೂರಿಸಿದ್ದು. ಅವರನ್ನು ಎಲ್ಲರಿಗಿಂತ ಮುಂದೆ ಬಿಟ್ಟೆವು. ನನ್ನ ಸೈಕಲ್ಲಿಗೂ ಮಡ್‌ಗಾರ್ಡ್ ಇತ್ತು, ಆದರೂ ಆ ದಿನ ನಾನು ಕೊನೆಯಲ್ಲೇ ಹೋದೆ. ನನ್ನ ಮುಖವನ್ನು ಯಾರಾದರೂ ನೋಡುವುದು ನನಗೆ ಬೇಕಿರಲಿಲ್ಲ.